ಎಡಗೈಲಿ ಕೊಟ್ಟ ಅರ್ಧ ಬಾಳೆಹಣ್ಣು

ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದ್ರ ಊರೊಳಗೆ ನುಗ್ಗಿದ ದಿನ, ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಒಬ್ಬ ಮನುಷ್ಯನ ದನಿ ಕದ್ದು, ಅವನನ್ನು ಹಡೆದ ತಾಯಿಗೇ ಫೋನು ಮಾಡಿ, ನಾನು ಆರಾಮಾಗಿದ್ದೇನೆ ಎಂದು ಹೇಳಿದ ಮಹಾನುಭಾವ ನಾನೇ. ಆ ಮನುಷ್ಯ ನನ್ನ ಅಕ್ಕನ ಗಂಡ. ಇಷ್ಟು ಓದಿಯೇ ನಿಮಗೆ ಸಿಟ್ಟು ಬಂದಿದ್ದರೆ ಬರಲಿ, ಅದು ನ್ಯಾಯವಾದ ಸಿಟ್ಟು. ಆದರೆ ಮುಂದಿನದನ್ನು ಓದಿ ನಗುವುದಾದರೆ ಸ್ವಲ್ಪ ತಡೆಯಿರಿ. ನಗುವ ಕೆಲಸ ನನ್ನದು, ಅದರಲ್ಲಿ ನಾನು ನಿಮಗಿಂತ ಹಳಬ.

ದೇವರು, ದೆವ್ವ, ಪವಾಡ ಇಂಥವುಗಳನ್ನು ನಾನು ನಂಬುತ್ತಿರಲಿಲ್ಲ. ವಿಜಯಪುರದ ಕಡೆಯ ನಮ್ಮೂರಲ್ಲಿ ಹುಣ್ಣಿಮೆಗೊಮ್ಮೆ ಮೈಮೇಲೆ ದೇವರು ಬರುವ ದೊಡ್ಡಮ್ಮ ಒಬ್ಬಳಿದ್ದಳು. ಹತ್ತು ವರ್ಷದವನಿದ್ದಾಗ ಅವಳ ಹೂಂಕಾರವನ್ನು ಅವಳ ಎದುರಿಗೇ ಮಾಡಿ ತೋರಿಸಿದೆ. ದೇವರು ತಟ್ಟನೆ ಇಳಿದುಹೋಯಿತು, ದೊಡ್ಡಮ್ಮ ಕಸಬರಿಗೆ ಹಿಡಿದು ಊರಬಾಗಿಲ ಅಗಸಿಯವರೆಗೂ ಅಟ್ಟಿಸಿಕೊಂಡು ಬಂದಳು. ಅಂದಿನಿಂದ ನನ್ನ ಸಿದ್ಧಾಂತ ಒಂದೇ: ಯಾವುದನ್ನು ಅಣಕಿಸಲು ಬರುತ್ತದೋ ಅದರಲ್ಲಿ ದೇವರಿಲ್ಲ. ಈಗ ಪುಣೆಯ ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಕಲಿಸುತ್ತೇನೆ, ಗಣಪತಿ ಹಬ್ಬದಲ್ಲಿ ಮಂಡಳಗಳ ವೇದಿಕೆ ಹತ್ತಿ ದನಿ ಅನುಕರಣೆ ಮಾಡುತ್ತೇನೆ. ಕ್ಲಾಸಿನ ಮಾಲಕರು, ರಿಕ್ಷಾದವರು, ಮೊಬೈಲಿನಲ್ಲಿ ದಾರಿ ಹೇಳುವ ಹೆಂಗಸು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನಿನ್ನ ಸ್ವಂತ ದನಿ ಯಾವುದೋ ಎಂದು ಅಕ್ಕ ಕೇಳುತ್ತಾಳೆ. ಹುಡುಕುತ್ತಿದ್ದೇನೆ, ಸಿಕ್ಕರೆ ಅದನ್ನೂ ಅಣಕಿಸಬೇಕು.

ಆದರೆ ನನ್ನ ಅತ್ಯುತ್ತಮ ಪಾತ್ರ ಎಂದರೆ ಭಾವ ಶಿವಾನಂದ. ಅವನು ಪುಣೆ ಹತ್ತಿರದ ಚಾಕಣದ ಒಂದು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಜರ್. ಅಲ್ಲಿ ಜಪಾನಿನವರು ಕಲಿಸಿಕೊಟ್ಟ ಒಂದು ಪದ್ಧತಿ ಇದೆ. ಯಾವ ಸ್ವಿಚ್ಚು, ಯಾವ ವಾಲ್ವು ನೋಡಿದರೂ ಸುಮ್ಮನೆ ನೋಡಿದರೆ ಸಾಲದು. ಅದರ ಕಡೆ ಬೆರಳು ಚಾಚಿ, ಅದು ಹೇಗಿದೆ ಎಂದು ಬಾಯಿಬಿಟ್ಟು ಹೇಳಿ, ಕೊನೆಗೆ 'ಯೋಶಿ' ಅನ್ನಬೇಕು. ಯೋಶಿ ಎಂದರೆ 'ಸರಿಯಿದೆ' ಎಂದರ್ಥ. ಕೈ, ಕಣ್ಣು, ಬಾಯಿ ಮೂರೂ ಸೇರಿದರೆ ತಪ್ಪಾಗುವುದಿಲ್ಲವಂತೆ. ಉಳಿದವರು ಇದನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರುತ್ತಾರೆ. ಭಾವ ಮನೆಗೂ ತಂದ. ದಿನಾ ಹೊರಡುವಾಗ ಬಾಗಿಲಲ್ಲಿ ನಿಂತು, "ಗ್ಯಾಸ್ ಬಂದ್, ಯೋಶಿ. ನಳ ಬಂದ್, ಯೋಶಿ. ಕೀಲಿ ಕಿಸೆದಾಗ, ಯೋಶಿ." ಮದುವೆಯಲ್ಲಿ ತಾಳಿ ಕಟ್ಟಿದ ಮೇಲೂ ಬೆರಳು ತೋರಿಸಿ ಯೋಶಿ ಅಂದ ಎಂಬುದು ನಾನು ಹಬ್ಬಿಸಿದ ಸುಳ್ಳು. ಈಗ ನಮ್ಮ ನೆಂಟರು ಅದನ್ನು ಕಣ್ಣಾರೆ ಕಂಡವರ ಹಾಗೆ ನನಗೇ ಹೇಳುತ್ತಾರೆ.

ಅಂಥ ಭಾವನನ್ನು ಕಂಪನಿಯವರು ಆರು ತಿಂಗಳ ತರಬೇತಿಗೆಂದು ಜಪಾನಿನ ಒಂದು ಕಡಲ ತೀರದ ಊರಿಗೆ ಕಳಿಸಿದರು. ಮನೆಯಲ್ಲಿ ಗಂಡಸು ಇರಬೇಕು ಎಂದು ನಮ್ಮಪ್ಪ ನನ್ನನ್ನು ಪುಣೆಯಲ್ಲೇ ಭೋಸರಿಯ ಅಕ್ಕನ ಮನೆಯಲ್ಲಿ ಇರಲು ಹೇಳಿದರು. ಗಂಡಸು ಅಂದ್ರ ಇವನೇನು ಎಂದು ಅಕ್ಕ ಕೇಳಿದಳು.

ಮನೆಯಲ್ಲಿ ಇನ್ನೊಬ್ಬರಿದ್ದರು, ಭಾವನ ತಾಯಿ ನೀಲಮ್ಮ. ನಾನು ಅವರನ್ನು ನಮ್ಮ ಕಡೆಯ ಮಾತಿನಲ್ಲಿ ಅತ್ತಿ, ಅಂದರೆ ಅತ್ತೆ, ಎನ್ನುತ್ತೇನೆ. ಅತ್ತಿಯದು ಒಂದು ನೇಮವಿತ್ತು: ಮಗ ಉಂಡ ಎಂದು ಅವನ ಬಾಯಿಂದಲೇ ಕೇಳದೆ ತಾನು ಮಧ್ಯಾಹ್ನದ ಊಟಕ್ಕೆ ಕೂರುತ್ತಿರಲಿಲ್ಲ. ಚಾಕಣದಲ್ಲಿದ್ದಾಗ ಅದೇನೂ ಕಷ್ಟವಿರಲಿಲ್ಲ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಮುಂದೆ. ಭಾವ ರಾತ್ರಿ ಏಳಕ್ಕೆ ಉಂಡು ಫೋನು ಮಾಡಿದರೆ ಇಲ್ಲಿ ಮೂರೂವರೆ. ಅತ್ತಿ ಕೇಳುವುದು ಒಂದೇ ಪ್ರಶ್ನೆ, "ಉಂಡಿ ಏನು?" ಹೂಂ ಎಂದ ಕೂಡಲೇ ಫೋನು ಅಕ್ಕನ ಕೈಗೆ, ತಾನು ತಾಟಿನ ಮುಂದೆ. ಹೀಗೆ ಭೋಸರಿಯ ಒಂದು ಮನೆಯ ಮಧ್ಯಾಹ್ನದ ಊಟ ಜಪಾನಿನ ರಾತ್ರಿಯೂಟದ ಜೊತೆಗೇ ಆಗುತ್ತಿತ್ತು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ ಹೆಂಗಸು ಇಷ್ಟು ತಡ ಮಾಡಬಾರದು ಎಂದು ಡಾಕ್ಟರು ಬೈದಿದ್ದರು. ಅತ್ತಿ ಡಾಕ್ಟರಿಗೇ ನೀವು ಉಂಡಿರೇನು ಎಂದು ಕೇಳಿ ಬಂದಿದ್ದರು.

ಆ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಟೀವಿಯಲ್ಲಿ ಸುದ್ದಿ ಬಂತು. ಜಪಾನಿನ ತೀರದಾಚೆ ಸಮುದ್ರದ ತಳದಲ್ಲಿ ಭಾರೀ ಭೂಕಂಪ. ಸ್ವಲ್ಪ ಹೊತ್ತಿಗೆ ಚಿತ್ರಗಳು ಬಂದವು. ನೀರು ಅಲೆಯ ಹಾಗೆ ಎದ್ದು ಬರಲಿಲ್ಲ, ತುಂಬಿದ ಹಂಡೆ ಮಗುಚಿದ ಹಾಗೆ ಕಪ್ಪಗೆ ಹರಡಿಕೊಂಡು ಬಂತು. ದೋಣಿಗಳು ರಸ್ತೆಯಲ್ಲಿ, ಕಾರುಗಳು ನೀರಿನಲ್ಲಿ. ಕೆಳಗೆ ಓಡುತ್ತಿದ್ದ ಅಕ್ಷರಗಳಲ್ಲಿ ಊರುಗಳ ಹೆಸರು. ಅದರಲ್ಲಿ ಭಾವನ ಊರೂ ಇತ್ತು. ಅಕ್ಕ ಫೋನು ಹಚ್ಚಿದಳು, ಮತ್ತೆ ಹಚ್ಚಿದಳು. ಆ ಕಡೆ ಜಪಾನಿ ಹೆಂಗಸೊಬ್ಬಳು ಬಹಳ ವಿನಯದಿಂದ ಏನೋ ಹೇಳುತ್ತಿದ್ದಳು. ಬೇರೆ ದಿನವಾಗಿದ್ದರೆ ಸಂಜೆಯೊಳಗೆ ಆ ದನಿಯನ್ನು ಕಲಿತಿರುತ್ತಿದ್ದೆ.

ಅಕ್ಕ ಸ್ಕೂಟರ್ ತೆಗೆದುಕೊಂಡು ಚಾಕಣದ ಕಾರ್ಖಾನೆಗೆ ಹೋದಳು. ಅಲ್ಲಿ ಜಪಾನಿಗೆ ಹೋದವರ ಮನೆಯವರೆಲ್ಲ ಸೇರಿದ್ದರಂತೆ, ಯಾರಿಗೂ ಏನೂ ತಿಳಿದಿರಲಿಲ್ಲ. ಇತ್ತ ನಮ್ಮ ಬಿಲ್ಡಿಂಗಿನ ಕನ್ನಡ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ಬಂದು ಕೂತರು. ಅತ್ತಿ ಒಳಗಿನಿಂದ ಬುಟ್ಟಿ ತಂದು ಅವರ ನಡುವೆ ಇಟ್ಟರು. "ಅಳಾಕ ಬಂದಿದ್ರ ಉಳ್ಳಾಗಡ್ಡಿ ಹೆಚ್ಚರಿ. ಎರಡೂ ಕೆಲಸ ಆಗ್ತಾವ." ಅವರು ಹೆಚ್ಚಿದರು. ಅತ್ತಿ ಎಂದಿನಂತೆ ರೊಟ್ಟಿ ಬಡಿದರು, ಪಲ್ಯ ಮಾಡಿದರು, ಮುಚ್ಚಿಟ್ಟರು. ಮೂರೂವರೆ ಆಯಿತು. ಫೋನು ಬರಲಿಲ್ಲ. ಅತ್ತಿ ಉಣ್ಣಲಿಲ್ಲ. ಬಂದ ಹೆಂಗಸರು ಎದ್ದುಹೋದರು. ಐದೂವರೆಗೆ ಅತ್ತಿಯ ಹಣೆಯ ಮೇಲೆ ಬೆವರು ಸಾಲುಗಟ್ಟಿತು, ನೀರಿನ ಲೋಟ ಕೈಯಲ್ಲಿ ನಡುಗಿತು. ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ ಎಂದು ಕಾಲಿಗೆ ಬಿದ್ದೆ. ತುಟಿ ಬಿಗಿದುಕೊಂಡರು.

ನನಗೆ ಆಗ ಎರಡು ಸಾವು ಕಂಡವು. ಒಂದು ದೂರದ್ದು, ಅದು ನನ್ನ ಕೈಯಲ್ಲಿರಲಿಲ್ಲ. ಇನ್ನೊಂದು ಎದುರಿಗೆ ಗೋಡೆಗೊರಗಿ ಕೂತಿತ್ತು.

ಡಾಕ್ಟರನ್ನು ಕರೆತರುತ್ತೇನೆ ಎಂದು ಹೇಳಿ ಕೆಳಗಿಳಿದೆ. ನಮ್ಮ ಬಿಲ್ಡಿಂಗಿನ ಕೆಳಗೇ ತಾತ್ಯಾ ಎಂಬ ಮರಾಠಿಯವನ ಹಿಟ್ಟಿನ ಗಿರಣಿ. ಅತ್ತಿ ಜೋಳದ ಡಬ್ಬಿ ತಾವೇ ಹೊತ್ತುಕೊಂಡು ಅಲ್ಲಿಗೆ ಹೋಗುವವರು. ಗಿರಣಿಯ ಪಟ್ಟಾ, ಅಂದರೆ ಬೆಲ್ಟು, ಹರಿದು ಹೊಲಿಸಿದ ಜಾಗದಲ್ಲಿ ಸುತ್ತಿಗೊಮ್ಮೆ ಟಪ್ ಟಪ್ ಎನ್ನುತ್ತದೆ, ಹೊಸದು ಹಾಕಿಸು ಎಂದು ತಮ್ಮ ಅರ್ಧ ಮರಾಠಿಯಲ್ಲಿ ತಾತ್ಯಾನೊಂದಿಗೆ ಜಗಳವಾಡುವವರು. ಡಾಕ್ಟರ ದವಾಖಾನೆ ಎರಡು ಓಣಿ ಆಚೆ. ನಾನು ಅಲ್ಲಿಗೆ ಹೋಗುವ ಬದಲು ತಾತ್ಯಾನ ಫೋನು ಕೇಳಿ ಪಡೆದು, ಓಡುತ್ತಿದ್ದ ಗಿರಣಿಯ ಪಕ್ಕ ನಿಂತೆ. ಗದ್ದಲದಲ್ಲಿ ದನಿಯ ಸಣ್ಣಪುಟ್ಟ ದೋಷ ಮುಚ್ಚಿಹೋಗುತ್ತದೆ, ಕೇಳುವವರಿಗೆ ಸಮುದ್ರವೋ ಜನಜಂಗುಳಿಯೋ ಅನ್ನಿಸುತ್ತದೆ ಎಂಬುದು ನನ್ನ ಬುದ್ಧಿವಂತಿಕೆ. ಅತ್ತಿಯ ಗುಂಡಿ ಒತ್ತುವ ಫೋನಿಗೆ ಹಚ್ಚಿದೆ. ಅವರಿಗೆ ನಂಬರು ಓದಲು ಬರುವುದಿಲ್ಲ.

"ಯವ್ವಾ, ನಾನು," ಎಂದೆ ಭಾವನ ದನಿಯಲ್ಲಿ. "ಆರಾಮ ಅದೀನಿ. ಗುಡ್ಡದ ಮ್ಯಾಲಿನ ಸಾಲ್ಯಾಗ ಎಲ್ಲಾರೂ ಅದೀವಿ. ಫೋನ್ ಬ್ಯಾರೇದವರ್ದು."

ಅತ್ತಿ, ದಿನಾ ಕೇಳುವ ದನಿಯಲ್ಲೇ, "ಉಂಡಿ ಏನು?" ಎಂದರು.

ಇದಕ್ಕೆ ನನ್ನ ಉತ್ತರ ಸಿದ್ಧವಿತ್ತು. ಹೂಂ, ಹೊಟ್ಟಿ ತುಂಬ ಉಂಡೆ, ನೀನೂ ಉಣ್ಣು. ಅದಕ್ಕಾಗಿಯೇ ಈ ನಾಟಕ. ಬಾಯಿ ತೆರೆದೆ. ಬಂದದ್ದು ಬೇರೆ.

"ಊಟ ಎಲ್ಲೀದು ಬೇ. ಬಾಜೂಕ ಕುಂತ ಮುದುಕಿ ಅರ್ಧ ಬಾಳಿಹಣ್ಣು ಕೊಟ್ಟಳು. ಎಡಗೈಲೆ ಕೊಟ್ಟಳು, ಬ್ಯಾಡ ಅನ್ನಲಿಲ್ಲ. ಸಿಪ್ಪಿ ಎಲ್ಲಿ ಒಗೀಬೇಕೋ ತಿಳೀವಲ್ತು, ಕಿಸೆದಾಗ ಇಟ್ಕೊಂಡೀನಿ."

ನಾನು ಇದನ್ನು ಯೋಚಿಸಿರಲಿಲ್ಲ. ವೇದಿಕೆಯ ಮೇಲೆ ಆಡುತ್ತಾ ಆಡುತ್ತಾ ಮಾತು ತಾನಾಗಿ ಹುಟ್ಟುವುದುಂಟು, ಆ ಅನುಭವ ನನಗೆ ಚೆನ್ನಾಗಿ ಗೊತ್ತು. ಇದು ಅದಲ್ಲ. ವೇದಿಕೆಯ ಮೇಲೆ ಮಾತು ಹುಟ್ಟಿದಾಗ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಇಲ್ಲಿ, ಅಯ್ಯೋ ಇದೇನು ಹೇಳುತ್ತಿದ್ದೇನೆ, ಹೂಂ ಅಂದರೆ ಮುಗಿಯುತ್ತಿತ್ತಲ್ಲ ಎಂದು ಭಯವಾಯಿತು. ಹಸಿದಿದ್ದೇನೆ ಎಂದು ಹೇಳಿ ತಾಯಿಯನ್ನು ಉಣ್ಣಿಸಹೊರಟ ಮೂರ್ಖ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

"ಹೂಂ. ತಿಂದೀಯಲ್ಲ, ಸಾಕು," ಎಂದು ಅತ್ತಿ ಫೋನು ಇಟ್ಟರು.

ನಾನು ಮೇಲೆ ಬಂದಾಗ ಅತ್ತಿ ತಾಟಿನ ಮುಂದಿದ್ದರು. ಒಂದೂವರೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಡಾಕ್ಟರು ಎಲ್ಲಿ ಎಂದು ಕೇಳಲಿಲ್ಲ. ಫೋನು ಬಂದಿತ್ತು ಎಂದೂ ಹೇಳಲಿಲ್ಲ. ರಾತ್ರಿ ಅಕ್ಕ ಸೋತ ಮುಖದಿಂದ ಬಂದಳು. ಅತ್ತಿ ಸಂತೋಷದಿಂದ ಕೂಗಿ ಹೇಳಿದರೆ ಅಕ್ಕನಿಗೆ ಸುಳ್ಳು ಆಸೆ ಹುಟ್ಟುತ್ತದೆ ಎಂಬುದು ಆಗ ಹೊಳೆಯಿತು. ಇಷ್ಟು ದೊಡ್ಡ ಗಣಿತದ ಮಾಸ್ತರನಿಗೆ ಇಷ್ಟು ಸಣ್ಣ ಲೆಕ್ಕ ಮೊದಲು ಬಂದಿರಲಿಲ್ಲ. ಆದರೆ ಅತ್ತಿ ಅಕ್ಕನಿಗೂ ಒಂದು ಮಾತು ಆಡಲಿಲ್ಲ. ಯಾಕೆ ಆಡಲಿಲ್ಲ ಎಂದು ನಾನು ಕೇಳುವಂತಿರಲಿಲ್ಲ.

ಮರುದಿನ ಮೂರೂವರೆಗೆ ಮತ್ತೆ ಗಿರಣಿಗೆ ಹೋದೆ. ಇವತ್ತೂ ಉಣ್ಣಿಸಬೇಕಲ್ಲ. ಫೋನು ಕೈಯಲ್ಲಿ ಹಿಡಿದು, ಹಚ್ಚುವ ಮೊದಲು ಒಮ್ಮೆ ಮೆಲ್ಲಗೆ ಯವ್ವಾ ಎಂದು ನೋಡಿದೆ. ಭಾವನ ದನಿ ಬರಲಿಲ್ಲ. ಮತ್ತೆ ಎಂದೆ, ನನ್ನದೇ ದನಿ. ಕ್ಲಾಸಿನ ಮಾಲಕರ ದನಿ ಬಂತು, ದಾರಿ ಹೇಳುವ ಹೆಂಗಸಿನ ದನಿ ಬಂತು, ತಾತ್ಯಾನ ದನಿಯನ್ನು ತಾತ್ಯಾನ ಎದುರಿಗೇ ತೆಗೆದೆ. ಎಂಟು ವರ್ಷದಿಂದ ನಿದ್ದೆಗಣ್ಣಿನಲ್ಲೂ ತೆಗೆಯುತ್ತಿದ್ದ ಭಾವನ ದನಿ ಮಾತ್ರ ಇರಲಿಲ್ಲ. ಇಟ್ಟ ಜಾಗದಲ್ಲಿ ವಸ್ತು ಇರದಿದ್ದರೆ ಹೇಗಾಗುತ್ತದೆ, ಹಾಗಾಯಿತು. ಅದರ ಅರ್ಥ ಏನಿರಬಹುದು ಎಂದು ಯೋಚಿಸಲು ನನಗೆ ಧೈರ್ಯ ಸಾಲಲಿಲ್ಲ. ಫೋನು ವಾಪಸು ಕೊಟ್ಟು ಮೆಟ್ಟಿಲು ಹತ್ತಿದೆ.

ಅತ್ತಿ ಬಾಗಿಲಲ್ಲೇ ನಿಂತಿದ್ದರು. ಒಂದು ಬಾಳೆಹಣ್ಣು ತಾ ಎಂದರು. ತಂದುಕೊಟ್ಟೆ. ನಡುವೆ ಮುರಿದು ಅರ್ಧ ತಾವು ತಿಂದರು. ಉಳಿದರ್ಧವನ್ನು ನನ್ನ ಕಡೆ ಚಾಚಿದರು, ಎಡಗೈಯಲ್ಲಿ. ಬಲಗೈಯಲ್ಲಿ ಏನೂ ಇರಲಿಲ್ಲ. ನಮ್ಮಲ್ಲಿ ಎಡಗೈಯಿಂದ ಯಾರೂ ಯಾರಿಗೂ ಏನೂ ಕೊಡುವುದಿಲ್ಲ. ನಾನು ತೆಗೆದುಕೊಂಡೆ, ಬೇಡ ಅನ್ನಲಿಲ್ಲ. ಅವರು ನನ್ನ ಮುಖ ನೋಡುತ್ತಲೇ ಇದ್ದರು. ಅವತ್ತು ಅವರ ಹೊಟ್ಟೆಗೆ ಹೋದದ್ದು ಅಷ್ಟೇ. ಖಾಲಿ ಹೊಟ್ಟೆಗೆ ನುಂಗಬಾರದೆಂದು ಗುಳಿಗೆಯನ್ನು ನಾನೇ ಬಚ್ಚಿಟ್ಟೆ.

ಮೂರನೆಯ ದಿನ ಮೂರು ಗಂಟೆಗೆ ಅಕ್ಕನ ಫೋನು ಬಡಿದುಕೊಂಡಿತು. ಅಕ್ಕ ಸ್ಪೀಕರಿಗೆ ಹಾಕಿದಳು. ಭಾವ. ನಿಜವಾದ ಭಾವ. ಅಕ್ಕ ಅಳತೊಡಗಿದಳು. ಅತ್ತಿ ಫೋನಿನ ಹತ್ತಿರ ಬಗ್ಗಿ, "ಉಂಡಿ ಏನು?" ಎಂದರು.

"ಇವತ್ತ ಅನ್ನ ಕೊಟ್ಟಾರ ಬೇ," ಎಂದ ಭಾವ. "ನಿನ್ನೆ ಮುಂಜಾನಿ ಬಾಜೂದ ಮುದುಕಿ ಅರ್ಧ ಬಾಳಿಹಣ್ಣು ಕೊಟ್ಟಿದ್ದಳು. ಬಲಗೈ ಮುರದಿತ್ತು ಆಕೀದು, ಎಡಗೈಲೆ ಕೊಟ್ಟಳು. ಸಿಪ್ಪಿ ಇನ್ನೂ ಕಿಸೆದಾಗ ಅದ, ಇಲ್ಲೆಲ್ಲೂ ಕಸದ ಡಬ್ಬಿ ಇಲ್ಲ."

ನಾನು ಅತ್ತಿಯನ್ನು ನೋಡಿದೆ. ಅತ್ತಿ ನನ್ನನ್ನು ನೋಡಲಿಲ್ಲ. ಸೆರಗಿನಿಂದ ಫೋನಿನ ಮೇಲಿನ ಧೂಳು ಒರೆಸಿ ಅಕ್ಕನ ಕೈಗೆ ಕೊಟ್ಟು, ತಾಟು ಹಾಕಿಕೊಳ್ಳಲು ಒಳಗೆ ಹೋದರು.

ಲೆಕ್ಕ ಮಾಡಿ. ನಾನು ಗಿರಣಿಯಲ್ಲಿ ನಿಂತು ಮಾತಾಡಿದಾಗ ಇಲ್ಲಿ ಸಂಜೆ ಆರು, ಅಲ್ಲಿ ರಾತ್ರಿ ಒಂಬತ್ತೂವರೆ. ಮುದುಕಿ ಹಣ್ಣು ಮುರಿದುಕೊಟ್ಟದ್ದು ಮರುದಿನ ಬೆಳಕು ಹರಿಯುವಾಗ. ಅಂದರೆ ನನ್ನ ಬಾಯಲ್ಲಿ ಆ ಬಾಳೆಹಣ್ಣು ತಿಂದಾಗಿತ್ತು, ಭಾವನ ಬಾಯಿಗೆ ಅದು ಇನ್ನೂ ಬಂದಿರಲಿಲ್ಲ.

ಐದಾರು ವಾರಕ್ಕೆ ಭಾವ ಮರಳಿ ಬಂದ. ನೆಲ ನಡುಗಿ ನಿಂತ ಕೂಡಲೇ ಎಲ್ಲರೂ ಗುಡ್ಡದ ಕಡೆ ಓಡಿದರಂತೆ. ಇವನು ಗುಡ್ಡದ ಮೆಟ್ಟಿಲು ಅರ್ಧ ಹತ್ತಿದವನು ಹಿಂದಕ್ಕೆ ಇಳಿದ, ತನ್ನ ಪಾಲಿನ ವಾಲ್ವುಗಳಿಗೆ ಯೋಶಿ ಹೇಳಿಲ್ಲವೆಂದು. ಸೈರನ್ನು ಕೂಗುತ್ತಿದೆ, ಬಂದರಿನ ನೀರು ತಳ ಕಾಣುವಷ್ಟು ಹಿಂದೆ ಸರಿದಿದೆ, ನನ್ನ ಭಾವ ಕೊಳವೆಗಳ ಮುಂದೆ ಬೆರಳು ಚಾಚಿ ನಿಂತಿದ್ದಾನೆ. ಆ ಪದ್ಧತಿಯನ್ನು ಅವನಿಗೆ ಕಲಿಸಿದ ಮುದಿ ಮೇಸ್ತ್ರಿಯೇ ಓಡಿಬಂದು, ಚಾಚಿದ ಕೈಗೆ ಒಂದೇಟು ಹೊಡೆದು, ಕಾಲರ್ ಹಿಡಿದು ಎಳೆದುಕೊಂಡು ಹೋದನಂತೆ. ಮೇಲಿನಿಂದ ನೋಡುವಾಗ ಮೀನಿನ ಮಾರುಕಟ್ಟೆ ಛಾವಣಿ ಸಮೇತ ತೇಲಿ ರಸ್ತೆ ತಿರುವಿನಲ್ಲಿ ನಿಧಾನವಾಗಿ ತಿರುಗಿತಂತೆ. ನೀರು ಇಳಿದ ಮೇಲೆ ಊರಿಗೆ ಊರೇ ಡೀಸೆಲ್ ವಾಸನೆ, ಕರೆಂಟಿನ ತಂತಿಗಳ ಮೇಲೆ ಕಡಲ ಪಾಚಿ. ಗುಡ್ಡದ ಮೇಲಿನ ಶಾಲೆಯ ನೆಲದ ಮೇಲೆ ಅಪರಿಚಿತರು ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತಿದ್ದರು. ಅವರಲ್ಲಿ ಒಬ್ಬಳು ಆ ಮುದುಕಿ. ಅವಳ ಮಾತು ಇವನಿಗೆ ಬರುವುದಿಲ್ಲ. ಹಣ್ಣು ಚಾಚಿದಳು, ಇವನು ತಿಂದ. ಸಿಪ್ಪೆ? ನಾಲ್ಕನೆಯ ದಿನ ಡಬ್ಬಿ ತಂದಿಟ್ಟರಂತೆ, ಹಾಕಿದೆ ಎಂದ. ಯೋಶಿ ಅಂದನೇ ಎಂದು ನಾನು ಕೇಳಲಿಲ್ಲ. ಅಂದಿರುತ್ತಾನೆ.

ನಾನು ಗಿರಣಿಯ ವಿಷಯವನ್ನು ಕ್ಲಾಸಿನಲ್ಲಿ ಒಬ್ಬರಿಗೆ ಹೇಳಿದೆ, ಊರಲ್ಲಿ ಒಬ್ಬರಿಗೆ ಹೇಳಿದೆ. ಎರಡು ಪಕ್ಷಗಳಾದವು. ನನ್ನ ಜೊತೆ ಗಣಿತ ಕಲಿಸುವ ಗೆಳೆಯ ಇದು ಬರೀ ಸಂಭವನೀಯತೆ ಎಂದ. ಭೂಕಂಪವಾದರೆ ಜನ ಎತ್ತರದ ಶಾಲೆಗೇ ಹೋಗುತ್ತಾರೆ, ಒಪ್ಪಿದೆ. ಭಾವನನ್ನು ಎಂಟು ವರ್ಷ ಅಣಕಿಸಿದವನಿಗೆ ಅವನು ಸಿಪ್ಪೆ ಬಿಸಾಡದೆ ಕಿಸೆಯಲ್ಲಿಡುವ ಪ್ರಾಣಿ ಎಂದು ಗೊತ್ತಿರುತ್ತದೆ, ಅದನ್ನೂ ಒಪ್ಪಿದೆ. ಮುದುಕಿಯ ಎಡಗೈ ಎಲ್ಲಿಂದ ಬಂತು ಎಂದೆ. ಅವನು ಬೋರ್ಡು ಒರೆಸತೊಡಗಿದ. ಇನ್ನೊಂದು ಪಕ್ಷದವರು ಊರಿನಿಂದ ನಿಂಬೆಹಣ್ಣು, ತೆಂಗಿನಕಾಯಿ ಹಿಡಿದು ಬಂದರು. ನನ್ನ ಮೈಯಲ್ಲಿ ಏನೋ ಇದೆಯಂತೆ, ಅವರಲ್ಲೊಬ್ಬರ ಅಳಿಯ ಕಾಣೆಯಾಗಿದ್ದ, ಎಲ್ಲಿದ್ದಾನೆಂದು ನಾನು ಅವನ ದನಿಯಲ್ಲೇ ಹೇಳಬೇಕಂತೆ. ಆ ಮಾವನ ಮುಖ ನೋಡಿ ನನಗೆ ನಗು ಬರಲಿಲ್ಲ. ಆದರೂ ಅವರನ್ನು ಕೈಮುಗಿದು ವಾಪಸು ಕಳಿಸಿದೆ. ನನ್ನ ದೊಡ್ಡಮ್ಮನ ಕಸಬರಿಗೆ ನನಗಿನ್ನೂ ನೆನಪಿದೆ; ಆ ಗದ್ದುಗೆ ನನಗೆ ಬೇಡ. ಲೆಕ್ಕದವರಿಗೂ ಸೋಲುವುದಿಲ್ಲ, ತೆಂಗಿನಕಾಯಿಯವರಿಗೂ ಬಾಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೀವು ನಂಬದಿದ್ದರೆ ನನ್ನ ಗಂಟೇನೂ ಹೋಗುವುದಿಲ್ಲ. ಭಾವನ ದನಿಯೂ ಮರಳಿ ಬಂದಿದೆ, ಅವನೆದುರಿಗೇ ತೆಗೆಯುತ್ತೇನೆ, ಅವನು ಬೈಯುತ್ತಾನೆ. ಅದು ಆ ಒಂದು ದಿನ ಎಲ್ಲಿಗೆ ಹೋಗಿತ್ತು ಎಂಬುದು ಮಾತ್ರ ನನಗೆ ತಿಳಿದಿಲ್ಲ.

ಆದರೆ ಒಬ್ಬರಿಗೆ ನಾನು ತಪ್ಪೊಪ್ಪಿಕೊಳ್ಳುವುದು ಉಳಿದಿತ್ತು. ಒಂದು ರವಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ನೀರು ನುಗ್ಗಿದ ದಿನ ಸಂಜೆ ಅತ್ತಿಯ ಜೊತೆ ಫೋನಿನಲ್ಲಿ ಮಾತಾಡಿದ್ದು ಭಾವ ಅಲ್ಲ, ಅವನ ದನಿ ತೆಗೆದ ನಾನು ಎಂದು. ಅಕ್ಕನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಭಾವ ನನ್ನ ಕಡೆ ಬೆರಳು ಚಾಚಿದ, ಯೋಶಿ ಅನ್ನಲಿಲ್ಲ. ಅತ್ತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಲೂ ಇಲ್ಲ.

"ಗೊತ್ತಿತ್ತು," ಎಂದರು. "ಜಪಾನದ ಸಮುದ್ರ ನಮ್ಮ ತಾತ್ಯಾನ ಪಟ್ಟಾದಂಗ ಟಪ್ ಟಪ್ ಅಂತದೇನು?"

ಇಷ್ಟು ದಿನ ನನ್ನ ಕಲೆಯ ಬಗ್ಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು, ಅದೂ ಹೋಯಿತು. ಹಾಗಾದರೆ, ನಾನೆಂದು ಗೊತ್ತಿದ್ದೂ ಉಂಡಿ ಏನು ಎಂದು ನನ್ನನ್ನು ಯಾಕೆ ಕೇಳಿದಿರಿ ಎಂದೆ. ಅದಕ್ಕೆ ಅತ್ತಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯುತ್ತೇನೆ. ಅದರ ಮೇಲೆ ನಮ್ಮ ಮನೆಯಲ್ಲಿ ಈ ವಿಷಯ ಯಾರೂ ಎತ್ತಿಲ್ಲ.

"ನಾ ನಿನ್ನ ಎಲ್ಲಿ ಕೇಳೀನಿ? ನನ್ನ ಮಗನ್ನ ಕೇಳಿದೆ, ಅವ ಹೇಳಿದ. ನಡುವ ನಿಂದೇನದ?"